ಹೋಗುವಾಗ ಪಾದದಷ್ಟು ನೀರು, ಬರುವಾಗ ಸೊಂಟದಷ್ಟು

ಮೊದಲೇ ಹೇಳಿಬಿಡ್ತೀನಿ, ಜಲಪಾತ ನೋಡೋಕೆ ಹೋಗಿದ್ದ ನಾವು ಎಲ್ಲರೂ ಬದುಕಿ ಬಂದಿದ್ದೇವೆ. ತಮ್ಮನ ಮೊಣಕಾಲಿನ ಲಿಗಮೆಂಟ್ ಹರಿದಿದೆ. ಬಲ ಅಂಗೈಗೆ ಏಳು ಹೊಲಿಗೆ ಬಿದ್ದಿದೆ. ಎಂಟು ವರ್ಷದ ಮಗಳು ಜೋರು ಮಳೆ ಬಂದರೆ ಈಗಲೂ ನನ್ನ ಹಾಸಿಗೆಗೆ ಬಂದು ಮಲಗುತ್ತಾಳೆ. ನಷ್ಟ ಇಷ್ಟೇ. ಇದಕ್ಕಿಂತ ಎಷ್ಟೋ ಜಾಸ್ತಿ ಆಗಬಹುದಿತ್ತು, ಅದಕ್ಕೇ ಬರೀತಿದ್ದೀನಿ.

ಜಲಪಾತದ ಹೆಸರು ಮಾತ್ರ ಬರೆಯಲ್ಲ. ಬೋರ್ಡಿಲ್ಲ, ಟಿಕೆಟ್ಟಿಲ್ಲ, ಊರವರು ಸುಮ್ನೆ 'ಅಬ್ಬಿ' ಅಂತಾರೆ. ಆಗುಂಬೆಯಿಂದ ಅರ್ಧ ಗಂಟೆ ದಾರಿ, ತೀರ್ಥಹಳ್ಳಿ ಸೀಮೆ. ಹೆಸರು ಹಾಕಿದರೆ ಮುಂದಿನ ಶನಿವಾರವೇ ನಾಲ್ಕು ಕಾರು ಹೋಗಿ ನಿಲ್ಲುತ್ತವೆ ಅಂತ ಗೊತ್ತು. ಹೋಂಸ್ಟೇ ಹೆಸರನ್ನೂ ಹಾಕಲ್ಲ. ಅವರೊಬ್ಬರೇ ಹೀಗೆ ಮಧ್ಯಾಹ್ನದ ಮೇಲೆ ಜನರನ್ನು ಜಲಪಾತಕ್ಕೆ ಕಳಿಸ್ತಾರೆ ಅಂತ ನನಗೆ ಅನಿಸಲ್ಲ.

ದಸರಾ ರಜೆ, ಅಕ್ಟೋಬರ್. ನಾನು, ನಮ್ಮನೆಯವರು, ಮಗಳು, ತಮ್ಮ, ಅವನ ಹೆಂಡತಿ, ಒಟ್ಟು ಐದು ಜನ. ಮಳೆಗಾಲ ಮುಗಿದಿತ್ತು, ಕಾಡು ಹಸಿರಾಗಿತ್ತು, ಬಿಸಿಲು ಹಿತವಾಗಿತ್ತು. ಮಧ್ಯಾಹ್ನ ಕಡುಬು, ಕೋಳಿ ಸಾರು ಹೊಟ್ಟೆ ತುಂಬಾ ತಿಂದು ಜಗಲಿ ಮೇಲೆ ಒರಗಿದ್ದೆವು. ಮಾಲೀಕರು ಬಂದು, 'ಅಬ್ಬಿ ನೋಡ್ಕೊಂಡು ಬನ್ನಿ, ಒಂದೂವರೆ ಕಿಲೋಮೀಟರ್ ಅಷ್ಟೆ. ಮಕ್ಕಳೂ ಆರಾಮಾಗಿ ಹೋಗ್ತಾರೆ. ಹುಡುಗನ್ನ ಕಳಿಸ್ತೀನಿ' ಅಂದರು. ತಲೆಗೆ 300 ರೂಪಾಯಿ. ಆಗ ಗಂಟೆ ಮೂರು.

ಇಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ನಾನು ಅದೇ ಸೀಮೆಯಲ್ಲಿ ಹುಟ್ಟಿದವಳು. ನಮ್ಮಜ್ಜಿ ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಮೂರರ ಮೇಲೆ ನಮ್ಮನ್ನು ಹಳ್ಳದ ಕಡೆ ಬಿಡುತ್ತಿರಲಿಲ್ಲ. 'ಹಳ್ಳ ಬರುತ್ತೆ, ಮನೇಲಿ ಬಿದ್ದಿರಿ' ಅಂತಿದ್ದರು. ಹಳ್ಳ ಬರುತ್ತೆ ಅನ್ನೋ ಮಾತು ಚಿಕ್ಕವಳಿದ್ದಾಗ ನನಗೆ ವಿಚಿತ್ರ ಅನಿಸುತ್ತಿತ್ತು. ಹಳ್ಳ ಅಲ್ಲೇ ಇದೆಯಲ್ಲ, ಮತ್ತೆ ಎಲ್ಲಿಂದ ಬರೋದು? ಬೆಂಗಳೂರಲ್ಲಿ ಹದಿನಾಲ್ಕು ವರ್ಷ ಇದ್ದು ಆ ಮಾತೇ ಮರೆತುಹೋಗಿತ್ತು.

ಅಡಿಕೆ ತೋಟ ದಾಟಿ, ಬ್ಯಾಣ (ಹುಲ್ಲುಗಾವಲು) ದಾಟಿ ಕಾಡಿಗೆ ಇಳಿದೆವು. ದಾರಿಯುದ್ದಕ್ಕೂ ನಮ್ಮನೆಯವರಿಗೆ ಕಾಳಿಂಗ ಸರ್ಪದ್ದೇ ಚಿಂತೆ. ಆಗುಂಬೆ ಅಂದ್ರೆ ಕಾಳಿಂಗ ಅಂತ ಎಲ್ಲೋ ಓದಿದ್ದರು. ಪ್ರತಿ ಬೇರನ್ನೂ ಕೋಲಿನಿಂದ ತಟ್ಟುತ್ತಾ ನಡೆದರು. ತಮ್ಮನ ಹೆಂಡತಿಗೆ ಉಂಬಳದ (ಜಿಗಣೆ) ಹೆದರಿಕೆ. ಐದು ಹೆಜ್ಜೆಗೊಮ್ಮೆ ನಿಂತು ಕಾಲು ನೋಡಿಕೊಳ್ಳುತ್ತಿದ್ದಳು. ಉಪ್ಪಿನ ಪೊಟ್ಟಣ ಹಿಡಿದೇ ಬಂದಿದ್ದಳು. ಪಾಪ, ಉಂಬಳ ಕಚ್ಚಿದರೆ ಸ್ವಲ್ಪ ಜಾಸ್ತಿ ಹೊತ್ತು ರಕ್ತ ಸೋರುತ್ತೆ ಅನ್ನೋದು ಬಿಟ್ಟರೆ ಏನೂ ಇಲ್ಲ.

ಮುಕ್ಕಾಲು ದಾರಿಯಲ್ಲಿ ಒಂದು ಹಳ್ಳ ಸಿಕ್ಕಿತು. ಹದಿನೈದು ಅಡಿ ಅಗಲ ಇದ್ದೀತು. ಪಾದ ಮುಳುಗುವಷ್ಟು ನೀರು, ಕೆಳಗಿನ ಕಲ್ಲು ಎಣಿಸಬಹುದು. ಮಗಳು ಚಪ್ಪಲಿ ಕೈಯಲ್ಲಿ ಹಿಡಿದು ಕುಣಿಯುತ್ತಾ ದಾಟಿದಳು. ನಾನು ವಿಡಿಯೋ ಮಾಡಿದೆ. ಆ ವಿಡಿಯೋ ಇನ್ನೂ ಫೋನಲ್ಲಿದೆ, ನೋಡೋಕೆ ಆಗಲ್ಲ.

ಅಬ್ಬಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನಲವತ್ತು ಅಡಿ ಮೇಲಿಂದ ಮೂರು ಎಳೆಯಾಗಿ ಬೀಳುತ್ತಿತ್ತು. ಕೆಳಗೆ ಸಣ್ಣ ಗುಂಡಿ. ನಮ್ಮನ್ನು ಅಲ್ಲಿ ಬಿಟ್ಟು ಹುಡುಗ, 'ಇನ್ನೊಂದು ಪಾರ್ಟಿ ಬಂದಿದೆ, ಕರ್ಕೊಂಡು ಬರ್ತೀನಿ' ಅಂತ ವಾಪಸ್ ಹೋದ. ಅವನು ಕೆಲಸಕ್ಕೆ ಸೇರಿ ಇಪ್ಪತ್ತು ದಿನ ಆಗಿತ್ತು, ಆ ಕಡೆಯವನೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ನಾವು ಅವನನ್ನು ಗೈಡ್ ಅಂದುಕೊಂಡಿದ್ದೆವು.

ನೀರಲ್ಲಿ ಅರ್ಧ ಗಂಟೆ ಆಡಿರಬಹುದು. ನಮ್ಮ ತಲೆ ಮೇಲೆ ಬಿಸಿಲಿತ್ತು. ದೂರದಲ್ಲಿ ಒಂದೆರಡು ಸಲ ಗುಡುಗಿತು. 'ಎಲ್ಲೋ ಕಲ್ಲು ಒಡೀತಿದ್ದಾರೆ' ಅಂದರು ನಮ್ಮನೆಯವರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಗ ಮಗಳು, 'ಅಮ್ಮಾ, ನೀರು ಟೀ ಥರ ಆಯ್ತು' ಅಂದಳು.

ನೋಡಿದೆ. ಒಂದು ನಿಮಿಷದ ಹಿಂದೆ ಕಾಲ್ಬೆರಳು ಕಾಣುತ್ತಿತ್ತು, ಈಗ ಕಾಣುತ್ತಿಲ್ಲ. ಮೇಲಿಂದ ತರಗೆಲೆ ಬರತೊಡಗಿತು. ಆಮೇಲೆ ಪುಡಿ ಕಡ್ಡಿ. ಆಮೇಲೆ ಒಂದು ಅಡಿಕೆ ಹಾಳೆ ಜಲಪಾತದ ತುದಿಯಲ್ಲಿ ಒಂದು ಕ್ಷಣ ಸಿಕ್ಕಿಕೊಂಡು ನಿಂತು, ತಿರುಗಿ, ಬಿತ್ತು. ಆ ಹಾಳೆ ನೋಡಿದ ಮೇಲೆ ನನಗೆ ಅಜ್ಜಿಯ ಮಾತು ನೆನಪಾಗಿದ್ದು. ಮೇಲೆಲ್ಲೋ ತೋಟ ಇದೆ, ಅಲ್ಲಿ ನೆಲದ ಮೇಲೆ ಬಿದ್ದಿದ್ದ ಹಾಳೆಯನ್ನು ನೀರು ಎತ್ತಿಕೊಂಡು ಬಂದಿದೆ. ಅಂದ್ರೆ ಹಳ್ಳ ಬಂದಿದೆ.

'ಎಲ್ಲಾ ಮೇಲೆ ಹತ್ತಿ' ಅಂತ ಕೂಗಿದೆ. ಗಾಬರಿಯಲ್ಲಿ ಮಗಳ ತೋಳು ಹಿಡಿದು ಎಳೆದೆ. ತಮ್ಮ ಕಲ್ಲಿನ ಮೇಲೆ ಬಿಟ್ಟಿದ್ದ ಚಪ್ಪಲಿ ತರೋಕೆ ತಿರುಗಿದ. ಆ ಕಲ್ಲೇ ಇರಲಿಲ್ಲ.

ಅಬ್ಬಿಯ ಹತ್ತಿರ ನಾವು ಬಚಾವಾದೆವು. ನಿಜವಾದ ಅಪಾಯ ಅಲ್ಲಿರಲಿಲ್ಲ, ಬಂದ ದಾರಿಯಲ್ಲಿತ್ತು. ಹತ್ತು ನಿಮಿಷ ನಡೆದು ಆ ಪುಟ್ಟ ಹಳ್ಳದ ಹತ್ತಿರ ಬಂದರೆ ನಮಗೆ ಜಾಗವೇ ಗುರುತು ಸಿಗಲಿಲ್ಲ. ಕೆಂಪು ನೀರು, ಎರಡೂ ದಡದ ಗಿಡಗಳನ್ನು ಬಗ್ಗಿಸಿಕೊಂಡು ಹೋಗುತ್ತಿದೆ. ಒಳಗೆ ಕಲ್ಲು ಉರುಳುವ ಸದ್ದು ಕೇಳುತ್ತಿದೆ. ಆಚೆ ದಡ ಅಲ್ಲೇ, ಹದಿನೈದು ಅಡಿ ಇದ್ದದ್ದು ಮೂವತ್ತಾಗಿದೆ ಅಷ್ಟೆ. ಹಂಚಿನ ಮನೆ, ಒಣ ಬಟ್ಟೆ, ಬಿಸಿ ಕಾಫಿ ಎಲ್ಲಾ ಆ ಕಡೆ.

ಇಂಥ ಹೊತ್ತಲ್ಲಿ ಮನಸ್ಸು ಹೇಗೆ ಓಡುತ್ತೆ ಅಂತ ದಯವಿಟ್ಟು ಗಮನಿಸಿ. 'ಈಗ ದಾಟದಿದ್ದರೆ ಇನ್ನೂ ಜಾಸ್ತಿ ಆಗುತ್ತೆ, ಬೇಗ ದಾಟಿಬಿಡೋಣ' ಅಂದ ತಮ್ಮ. ಕೇಳಿದರೆ ಸರಿ ಅನಿಸುತ್ತೆ. ನಮಗೂ ಅನಿಸಿತು. ಅವನು ಇಳಿದ. ಮೊದಲ ಹೆಜ್ಜೆಗೆ ಮೊಣಕಾಲು, ಎರಡನೆಯದಕ್ಕೆ ಸೊಂಟ. ಮೂರನೆಯ ಹೆಜ್ಜೆ ಅವನು ಇಡಲೇ ಇಲ್ಲ, ನೀರೇ ಎತ್ತಿಬಿಟ್ಟಿತು. ಒಂದು ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕಿತು, ಮೈಯೆಲ್ಲ ತಿರುಗಿತು. ದಡದಿಂದ ಜೋತಾಡುತ್ತಿದ್ದ ಬೆತ್ತದ ಬಳ್ಳಿ ಕೈಗೆ ಸಿಕ್ಕಿದ್ದಕ್ಕೆ ಉಳಿದ. ಬೆತ್ತಕ್ಕೆ ಎಂಥ ಮುಳ್ಳಿರುತ್ತೆ ಅಂತ ಮಲೆನಾಡಿನವರಿಗೆ ಗೊತ್ತು. ಬಿಡಲಿಲ್ಲ ಅವನು. ನಮ್ಮನೆಯವರು ಹೊಟ್ಟೆ ಮೇಲೆ ಮಲಗಿ ಅವನ ಅಂಗಿ ಕಾಲರ್ ಹಿಡಿದು ಎಳೆದರು. ಮಗಳು ಇದನ್ನೆಲ್ಲ ನಿಂತು ನೋಡಿದಳು.

ಆಮೇಲೆ ನಮ್ಮ ಮೇಲೂ ಮಳೆ ಶುರುವಾಯಿತು. ಫೋನಲ್ಲಿ ನೆಟ್‌ವರ್ಕ್ ಒಂದು ಗೆರೆಯೂ ಇಲ್ಲ. 112 ಒತ್ತಿದೆ, ಹೋಗಲಿಲ್ಲ. ದುಪ್ಪಟ್ಟಾದಿಂದ ತಮ್ಮನ ಕೈ ಸುತ್ತಿದೆವು. ಆರೂಕಾಲಿಗೆಲ್ಲ ಕತ್ತಲು. ಟಾರ್ಚ್ ಯಾರೂ ತಂದಿರಲಿಲ್ಲ. ಒಂದೂವರೆ ಕಿಲೋಮೀಟರ್ ದಾರಿಗೆ ಯಾಕೆ ಟಾರ್ಚ್, ಅಲ್ವಾ?

ಆರೂವರೆ ಹೊತ್ತಿಗೆ ಹಿಂದಿನಿಂದ ಬೆಳಕು ಬಂತು. ಮನೆಗೆ ಬಾರದ ಹಸು ಹುಡುಕಿಕೊಂಡು ಹಿರಿಯರೊಬ್ಬರು ಬಂದಿದ್ದರು. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಕತ್ತಿ. ಅಬ್ಬಿಯ ಮೇಲ್ಗಡೆ ಅವರ ಮನೆ, ತೋಟ. ಆ ಹಾಳೆ ಅವರ ತೋಟದ್ದೇ ಇರಬೇಕು. ನಮ್ಮನ್ನು ನೋಡಿ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, 'ಎಂಥ ಮಾರಾಯ್ರೆ, ಹಳ್ಳ ಬಂದಾಗ ಯಾರಾದ್ರೂ ಇಳೀತಾರಾ? ಕೂತ್ಕಳಿ ಸುಮ್ನೆ. ಬಂದಷ್ಟೇ ಬೇಗ ಇಳೀತದೆ' ಅಂದರು.

ಮನೆಗೆ ಕರೆದರು, ಆದರೆ ಆ ಏರು ಹತ್ತೋಕೆ ತಮ್ಮನಿಗೆ ಸಾಧ್ಯವೇ ಇರಲಿಲ್ಲ. ಆಗ ಅವರೂ ನಮ್ಮ ಜೊತೆ ಕೂತರು. ಕೊಪ್ಪೆ ತೆಗೆದು ಮಗಳಿಗೆ ಹೊದಿಸಿದರು. ಒಂದು ಕಡ್ಡಿ ಮುರಿದು, ನೀರು ಮುಟ್ಟುತ್ತಿದ್ದ ಅಂಚಿಗೆ ಸರಿಯಾಗಿ ನೆಟ್ಟರು. 'ಇದನ್ನ ನೋಡ್ತಾ ಇರು ಪುಟ್ಟಿ' ಅಂದರು. ಮುಂದಿನ ಒಂದೂವರೆ ಗಂಟೆ ನಾವು ಆರೂ ಜನ ಒಂದು ಕಡ್ಡಿ ನೋಡುತ್ತಾ ಕೂತೆವು. ಮೊದಲು ನೀರು ಅದನ್ನು ಮುಳುಗಿಸಿತು. ಅವರು ಮೇಲೆ ಇನ್ನೊಂದು ನೆಟ್ಟರು. ಅದರ ಬುಡದಲ್ಲಿ ನೀರು ನಿಂತಿತು. ಆಮೇಲೆ ಕಡ್ಡಿಗೂ ನೀರಿಗೂ ನಡುವೆ ಎರಡು ಬೆರಳು ಒದ್ದೆ ಮಣ್ಣು ಕಂಡಿತು. ಆಮೇಲೆ ಒಂದು ಗೇಣು. ಆಮೇಲೆ ಮೊದಲನೆಯ ಕಡ್ಡಿ ಕಂಡಿತು, ಮಗಳು ಚಪ್ಪಾಳೆ ಹೊಡೆದಳು.

ಅಷ್ಟರಲ್ಲಿ ಆಚೆ ದಡಕ್ಕೆ ಹೋಂಸ್ಟೇಯವರು ಟಾರ್ಚ್ ಹಿಡಿದು ಬಂದಿದ್ದರು. ಬಾಯಿ ಆಡುವುದು ಕಾಣುತ್ತಿತ್ತು, ನೀರಿನ ಸದ್ದಿಗೆ ಒಂದಕ್ಷರ ಕೇಳಿಸಲಿಲ್ಲ. ಅವರ ಹತ್ತಿರ ಒಂದು ಹಗ್ಗವೂ ಇರಲಿಲ್ಲ.

ಎಂಟೂಕಾಲಿಗೆ, ನೀರು ಮೊಣಕಾಲಿಗಿಂತ ಕೆಳಗಿಳಿದು ಸದ್ದು ಅಡಗಿದ ಮೇಲೆ, ಆ ಹಿರಿಯರು ಬಿದಿರಿನ ಗಳ ಊರಿಕೊಂಡು ಒಬ್ಬೊಬ್ಬರನ್ನೇ ದಾಟಿಸಿದರು. ತಮ್ಮನನ್ನು ಕೊನೆಗೆ, ಇಬ್ಬರು ಹೆಗಲು ಕೊಟ್ಟು. ದುಡ್ಡು ಕೊಡಲು ಹೋದರೆ ಬೈದರು. 'ನನ್ನ ಹಸು ಇನ್ನೂ ಸಿಕ್ಕಿಲ್ಲ' ಅಂತ ತಿರುಗಿ ಹೋದರು.

ಇದು ಯಾಕೆ ಹೀಗಾಗುತ್ತೆ ಅಂತ ಆಮೇಲೆ ಕೂತು ಯೋಚಿಸಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬೆಂಗಳೂರಲ್ಲಿ 1,000ದ ಆಸುಪಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಡಿದು ಕುಡಿದು ನೆಲಕ್ಕೆ ಸಾಕಾಗಿರುತ್ತೆ. ಅಕ್ಟೋಬರ್‌ನಲ್ಲಿ ಬೆಳಗ್ಗೆ ಬಿಸಿಲು ಕಾಯುತ್ತೆ, ಮಧ್ಯಾಹ್ನದ ಮೇಲೆ ಗುಡುಗಿನ ಮಳೆ. ಅದೂ ಊರೆಲ್ಲ ಸುರಿಯೋ ಮಳೆ ಅಲ್ಲ, ಒಂದು ಗುಡ್ಡದ ಮೇಲೆ ಸುರಿದು ಪಕ್ಕದ ಗುಡ್ಡದಲ್ಲಿ ಬಿಸಿಲು ಇರುತ್ತೆ. ಬಿದ್ದ ನೀರಿಗೆ ಇಂಗಲು ಜಾಗ ಇಲ್ಲ, ಇಳಿಜಾರು ಕಡಿದು, ಸೀದಾ ಹಳ್ಳಕ್ಕೆ. ಹಾಗಾಗಿ ನಿಮ್ಮ ತಲೆ ಮೇಲಿನ ಆಕಾಶ ನೋಡಿ ಏನೂ ಪ್ರಯೋಜನ ಇಲ್ಲ. ಹಳ್ಳ ಎಲ್ಲಿಂದ ಬರುತ್ತೋ ಆ ಕಡೆ ನೋಡಬೇಕು.

2024ರ ಜೂನ್ ಕೊನೆಯಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಒಂದೇ ಕುಟುಂಬದವರು ಜಲಪಾತದ ನಡುವೆ ಒಬ್ಬರನ್ನೊಬ್ಬರು ಹಿಡಿದು ನಿಂತು, ಕೊನೆಗೆ ಕೊಚ್ಚಿಹೋದ ವಿಡಿಯೋ ನೀವೂ ನೋಡಿರುತ್ತೀರಿ, ಐದು ಜನ ತೀರಿಕೊಂಡರು. ನಾನೂ ನೋಡಿದ್ದೆ, 'ಅಯ್ಯೋ ಪಾಪ' ಅಂದಿದ್ದೆ. 2023ರ ಜುಲೈನಲ್ಲಿ ಕೊಲ್ಲೂರಿನ ಅರಿಶಿನಗುಂಡಿಯಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕ ಕಾಲು ಜಾರಿ ಹೋದದ್ದನ್ನೂ ನೋಡಿದ್ದೆ. ಅವೆಲ್ಲ ಮಳೆಗಾಲದ ಕಥೆ, ಬಂಡೆ ತುದಿಗೆ ಹೋಗುವವರ ಕಥೆ ಅಂದುಕೊಂಡಿದ್ದೆ. ನಾವು ಹೋಗಿದ್ದು ಮಳೆಗಾಲ ಮುಗಿದ ಮೇಲೆ, ಯಾವ ಬಂಡೆ ತುದಿಗೂ ಹೋಗಿರಲಿಲ್ಲ.

ಹೋಗಲೇಬೇಡಿ ಅಂತ ಹೇಳ್ತಿಲ್ಲ. ಬೆಳಗ್ಗೆ ಹೋಗಿ, ಊಟದ ಹೊತ್ತಿಗೆ ವಾಪಸ್ ಬನ್ನಿ. ದಾರಿಯಲ್ಲಿ ಹಳ್ಳ ಸಿಕ್ಕರೆ ಅದು ಎಷ್ಟೇ ಚಿಕ್ಕದಿರಲಿ, ಒಂದು ಕಲ್ಲು ಗುರುತು ಇಟ್ಟುಕೊಳ್ಳಿ, ನೀರು ಅದರ ಎಲ್ಲಿವರೆಗಿದೆ ಅಂತ. ನೀರಿನ ಬಣ್ಣ ಬದಲಾದರೆ, ತರಗೆಲೆ ಕಡ್ಡಿ ಬರತೊಡಗಿದರೆ, ಸದ್ದು ದಪ್ಪಗಾದರೆ ಫೋಟೋ ಗೀಟೋ ಬಿಟ್ಟು ಏಳಿ. ದಾಟುವ ಜಾಗಕ್ಕೆ ಬರುವಷ್ಟರಲ್ಲಿ ತಡವಾಗಿದ್ದರೆ ದಾಟಬೇಡಿ. ಹರಿಯುವ ನೀರು ಮೊಣಕಾಲು ಮುಟ್ಟಿದರೆ ದೊಡ್ಡ ಆಳನ್ನೂ ಕೆಡವುತ್ತೆ. ಎತ್ತರದ ಜಾಗದಲ್ಲಿ ಕೂತು ಕಾಯಿರಿ. ಒದ್ದೆಯಾಗುತ್ತೆ, ಚಳಿಯಾಗುತ್ತೆ, ಉಂಬಳ ಹತ್ತುತ್ತೆ, ಆಗಲಿ. ಟಾರ್ಚ್, ಒಂದು ಉದ್ದನೆ ಹಗ್ಗ, ಮಗುವಿಗೆ ಒಣ ಅಂಗಿ, ಒಂದು ಪೊಟ್ಟಣ ಬೆಲ್ಲ ಅಥವಾ ಬಿಸ್ಕತ್ತು, ಇಷ್ಟು ಚೀಲದಲ್ಲಿ ಇರಲಿ. ಅರಣ್ಯ ಇಲಾಖೆ ಟಿಕೆಟ್ ಕೊಟ್ಟು ಕಳಿಸುವ ಜಾಗಗಳಲ್ಲಿ ಕೊನೇ ಪಕ್ಷ ಯಾರು ಒಳಗೆ ಹೋದರು ಅನ್ನೋ ಲೆಕ್ಕ ಇರುತ್ತೆ. ನಮ್ಮದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಮರುದಿನ ಬಿಲ್ಲಲ್ಲಿ 'ಫಾಲ್ಸ್ 5 x 300' ಅಂತ ಇತ್ತು. ಕಟ್ಟಿದೆವು, ಜಗಳಕ್ಕೆ ಶಕ್ತಿ ಇರಲಿಲ್ಲ. ವಾರದ ನಂತರ ಫೋನ್ ಮಾಡಿ ಕೇಳಿದೆ, ಮಧ್ಯಾಹ್ನದ ಮೇಲೆ ಜನರನ್ನು ಕಳಿಸೋದು ನಿಲ್ಲಿಸಿದ್ದೀರಾ ಅಂತ. 'ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲ ಮೇಡಂ, ನಿಮ್ಮ ಟೈಮ್ ಸರಿ ಇರಲಿಲ್ಲ' ಅಂದರು.

ಅದಕ್ಕೆ ನೀವು ರೂಮ್ ಬುಕ್ ಮಾಡುವಾಗಲೇ ಕೇಳಿ. ಹೋಗೋ ದಾರಿಯಲ್ಲಿ ಹಳ್ಳ ದಾಟಬೇಕಾ? ಜೊತೆಗೆ ಬರೋರು ಆ ಊರಿನವರಾ, ವಾಪಸ್ ಬರೋವರೆಗೂ ಜೊತೆಗಿರ್ತಾರಾ? ಊಟ ಆದ ಮೇಲೂ ಕಳಿಸ್ತೀರಾ? ಕೊನೇ ಪ್ರಶ್ನೆಗೆ 'ಓಹೋ, ಯಾವಾಗ ಬೇಕಾದ್ರೂ' ಅಂದರೆ ಬೇರೆ ಕಡೆ ರೂಮ್ ನೋಡಿ.