ಮೂಲನಿವಾಸಿ ಸಂಗ್ರಹಗಳು: ಸಮಾಲೋಚನೆಯೋ, ಸಹ-ನಿರ್ವಹಣೆಯೋ?

ಮೂಲನಿವಾಸಿ ಸಮುದಾಯಗಳ ವಸ್ತುಗಳನ್ನು ಇರಿಸಿಕೊಂಡಿರುವ ವಸ್ತುಸಂಗ್ರಹಾಲಯದ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಸಮುದಾಯದ ಅಭಿಪ್ರಾಯ ಕೇಳಲಾಗುತ್ತದೆ, ನಿರ್ಧಾರ ಮಾತ್ರ ತಜ್ಞರದ್ದು. ಎರಡನೆಯದರಲ್ಲಿ ಏನನ್ನು ಪ್ರದರ್ಶಿಸಬೇಕು, ಯಾವುದನ್ನು ಯಾರು ಮುಟ್ಟಬಹುದು, ಯಾವ ಕಥೆಯನ್ನು ಹೇಳಬಾರದು ಎಂಬುದನ್ನೆಲ್ಲ ಸಮುದಾಯವೂ ಜೊತೆಗೂಡಿ ತೀರ್ಮಾನಿಸುತ್ತದೆ.

ಮೊದಲ ದಾರಿ ಬೇಗ ಸಾಗುತ್ತದೆ, ಖರ್ಚೂ ಕಡಿಮೆ. ಅದರ ಅನುಕೂಲ ಬಹುಮಟ್ಟಿಗೆ ಅಷ್ಟೇ. ಎರಡನೆಯದಕ್ಕೆ ನ್ಯೂಜಿಲೆಂಡ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯವಾದ ತೆ ಪಾಪಾ ಒಳ್ಳೆಯ ನಿದರ್ಶನ: ಅಲ್ಲಿನ 'ಮನ ತಾವೊಂಗಾ' ತತ್ತ್ವದಂತೆ, ಆ ದೇಶದ ಮೂಲನಿವಾಸಿಗಳಾದ ಮಾವೋರಿ ಜನರ ನಿಧಿಗಳೊಂದಿಗೆ ವಂಶಸಂಬಂಧವುಳ್ಳವರಿಗೆ ಅವುಗಳ ಆರೈಕೆಯಲ್ಲೂ ವ್ಯಾಖ್ಯಾನದಲ್ಲೂ ಪಾಲಿದೆ. ಇದರಲ್ಲಿ ಮಾತುಕತೆ ವರ್ಷಗಟ್ಟಲೆ ನಡೆಯಬಹುದು, ಒಂದೇ ಸಮುದಾಯದೊಳಗೆ ಭಿನ್ನಮತವೂ ಏಳಬಹುದು (ಏಳದಿದ್ದರೆ ಯಾರನ್ನೋ ಕೇಳಿಯೇ ಇಲ್ಲವೆಂದು ನನಗೆ ಸಂಶಯ). ಆದರೂ ತಪ್ಪು ಹೆಸರು, ತಪ್ಪು ವಿವರಣೆಗಳಿರುವ ಹಳೆಯ ದಾಖಲೆಗಳನ್ನು ಸರಿಯಾಗಿ ತಿದ್ದಲು ಸಾಧ್ಯವಾಗುವುದು ಈ ದಾರಿಯಲ್ಲೇ.

ಅಮೆರಿಕದಲ್ಲಂತೂ ಆಯ್ಕೆಯ ಅವಕಾಶ ಕಿರಿದಾಗಿದೆ. ಮೂಲನಿವಾಸಿಗಳ ಸಮಾಧಿಗಳನ್ನು ರಕ್ಷಿಸುವ, ಅವರ ಅವಶೇಷ ಮತ್ತು ವಸ್ತುಗಳನ್ನು ಹಿಂದಿರುಗಿಸುವ ಕುರಿತ 1990ರ ಕಾಯ್ದೆಯಡಿ (ನಾಗ್‌ಪ್ರಾ) 2024ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, ಮಾನವ ಅವಶೇಷಗಳನ್ನೂ ಸಮಾಧಿಯ ಮತ್ತು ಪವಿತ್ರ ವಸ್ತುಗಳನ್ನೂ ಪ್ರದರ್ಶಿಸುವ ಮೊದಲು ಸಂಬಂಧಪಟ್ಟ ವಂಶಸ್ಥರ ಅಥವಾ ಮೂಲನಿವಾಸಿ ಸಮುದಾಯದ ಪೂರ್ವಸಮ್ಮತಿ ಪಡೆಯಲೇಬೇಕು. ಇಂಥ ವಸ್ತುಗಳಿರುವ ಸಂಸ್ಥೆ ಎಲ್ಲೇ ಇರಲಿ, ಎರಡನೆಯ ದಾರಿಯನ್ನೇ ಆರಿಸಿಕೊಳ್ಳುವುದು ಸರಿ; ದಿನಬಳಕೆಯ ಬುಟ್ಟಿ, ಮಡಕೆಗಳಷ್ಟೇ ಇರುವ ಸಣ್ಣ ಸಂಸ್ಥೆ ಸಮಾಲೋಚನೆಯಿಂದ ಆರಂಭಿಸಬಹುದು, ಆದರೆ ಪ್ರದರ್ಶನವನ್ನು ತಡೆಯುವ ಹಕ್ಕನ್ನು ಸಮುದಾಯಕ್ಕೆ ಲಿಖಿತವಾಗಿಯೇ ಕೊಟ್ಟಿರಬೇಕು.