ಶಾಖೆಗೆ ಒಂದು ಸ್ಟಾರ್, ವಿಮಾ ಓಂಬುಡ್ಸ್‌ಮನ್‌ಗೆ ಐದು

ಕಂಪನಿ ಹೆಸರು ಬರೆಯಲ್ಲ, ಶಾಖೆ ದಾವಣಗೆರೆಯದು ಅಂದರೆ ಸಾಕು.

ನಮ್ಮ ಭಾವ ಮಂಡಕ್ಕಿ ಭಟ್ಟಿ ಇಟ್ಟಿದ್ದರು. 20 ವರ್ಷದ, 5 ಲಕ್ಷದ ಜೀವ ವಿಮೆ ಪಾಲಿಸಿ. ನಾಲ್ಕು ವರ್ಷ ಒಂದು ಕಂತೂ ತಪ್ಪಿಸಿರಲಿಲ್ಲ. ಕೊನೇದನ್ನು ಮಾತ್ರ ಏಜೆಂಟರ ಕೈಗೆ ನಗದು ಕೊಟ್ಟಿದ್ದರು. ಅವರು ಕಟ್ಟಲೇ ಇಲ್ಲ. ಗಡುವು ದಾಟಿದ 22ನೇ ದಿನ ಭಾವನಿಗೆ ಹಾರ್ಟ್ ಅಟ್ಯಾಕ್.

ಅಕ್ಕನನ್ನು ಕರೆದುಕೊಂಡು ಹೋದರೆ ಕೌಂಟರಿನವರು ಕಂಪ್ಯೂಟರ್ ನೋಡಿ, "ಲ್ಯಾಪ್ಸ್ ಆಗೇತಮ್ಮ, ಹದಿನೈದು ದಿನ ಅಷ್ಟೇ ಟೈಮು. ಏನೂ ಬರಂಗಿಲ್ಲ" ಅಂದರು. ಕೂತ್ಕೊಳ್ರಿ ಅಂತಲೂ ಅನ್ನಲಿಲ್ಲ. ಆಮೇಲೆ ಬಂದ ಪತ್ರದಲ್ಲೂ ಅದೇ ರಾಗ.

ಎರಡು ತಿಂಗಳು ಏಜೆಂಟರ ಬೆನ್ನು ಬಿದ್ದೆ, ದಡ್ಡ ನಾನು. ಏಜೆಂಟರಿಗೆ ಕೊಟ್ಟ ದುಡ್ಡು ಕಂಪನಿಗೆ ಕಟ್ಟಿದಂತಲ್ಲ ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ ಅಂತ ಪರಿಚಯದ ವಕೀಲರು ತಿಳಿಸಿದರು. ಬಾಂಡ್ ತಿರುವುತ್ತಾ ಅವರೇ ಕೇಳಿದರು: "ಕಂತು ತಿಂಗಳದ್ದಾ, ಮೂರು ತಿಂಗಳದ್ದಾ?" ಮೂರು ತಿಂಗಳದ್ದು. ಗಡುವು ದಾಟಿದ ಮೇಲೂ ಪಾಲಿಸಿ ನಡೆಯುವ ಹದಿನೈದು ದಿನದ ಗ್ರೇಸ್ ಇರುವುದು ತಿಂಗಳ ಕಂತಿಗೆ, ಇದಕ್ಕೆ ಮೂವತ್ತು. ಭಾವ ಹೋದ ದಿನ ಪಾಲಿಸಿಗೆ ಜೀವ ಇತ್ತು!

ಕಂಪನಿಯ ದೂರು ವಿಭಾಗಕ್ಕೆ ರಿಜಿಸ್ಟರ್ಡ್ ಪೋಸ್ಟ್ ಹಾಕಿ ತಿಂಗಳು ಕಾದೆವು. ಉತ್ತರವಿಲ್ಲ. ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ ಬರೆದೆವು. ಫೀಸಿಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ತಕರಾರು ನೋಡುತ್ತಾರೆ, ಕ್ಲೇಮು ತಿರಸ್ಕಾರವಾದ ವರ್ಷದೊಳಗೆ ಹೋಗಬೇಕು. ವಿಚಾರಣೆ ವಿಡಿಯೊದಲ್ಲೇ ಆಯಿತು. ಅಕ್ಕ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತಿದ್ದಳು. ಕಂಪನಿಯವರು ಮತ್ತೆ ಹದಿನೈದು ಅಂದರು. ಬಾಂಡಿನ ಮೊದಲ ಪುಟ ಜೋರಾಗಿ ಓದಿ ಅಂದರು ಸಾಹೇಬರು. ಓದಿದರು. ಆಮೇಲೆ ಮಾತೇ ಇಲ್ಲ.

ಬಾಕಿ ಕಂತು 6,870 ರೂಪಾಯಿ ಮುರಿದುಕೊಂಡು ಉಳಿದ ಹಣ ಆದೇಶ ಬಂದ 30 ದಿನದೊಳಗೆ ಅಕ್ಕನ ಖಾತೆಗೆ ಬಿತ್ತು. ಭಾವ ಇನ್ನು ಹತ್ತು ದಿನ ಬದುಕಿದ್ದರೆ ಪೂರ್ತಿ ಸಿಗುವುದು ಕಷ್ಟವಿತ್ತು, ಹೇಳೋಕೇ ವಿಚಿತ್ರ. ಆಗಲೂ ನಾಲ್ಕು ವರ್ಷ ಕಟ್ಟಿದ್ದಕ್ಕೆ ಪೇಯ್ಡ್-ಅಪ್ ಲೆಕ್ಕದಲ್ಲಿ, ಅಂದರೆ ಕಟ್ಟಿದ ಕಂತುಗಳ ಪಾಲಿನಷ್ಟು, ಲಕ್ಷದ ಆಸುಪಾಸು ಬರಬೇಕಿತ್ತು. "ಏನೂ ಬರಂಗಿಲ್ಲ" ಅನ್ನುವುದು ಹೇಗೆ ನೋಡಿದರೂ ಸುಳ್ಳೇ.

ಏಜೆಂಟರು ಭಾವನ ತಿಥಿಗೆ ಬಂದು ಹೋಳಿಗೆ ಊಟ ಮಾಡಿ ಹೋಗಿದ್ದರು. ಆ 6,870 ಇನ್ನೂ ಅವರ ಹತ್ತಿರವೇ ಇದೆ.