ಮೂರು ಕಾಲಿನ ಫಿಲ್ಟರ್ ಸ್ಪ್ಯಾನರ್: ಮನೆಯಂಗಳದಲ್ಲಿ ಪಿಕಪ್‌ನ ಆಯಿಲ್ ಬದಲಿಸುವವರಿಗೆ

ಹೋದ ವರ್ಷ ಮಳೆಗಾಲದಲ್ಲಿ ಮಂಗಳೂರಿನ ಬಂದರು ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಿಂದ 480 ರೂಪಾಯಿ ಕೊಟ್ಟು ಮೂರು ಕಾಲಿನ ಆಯಿಲ್ ಫಿಲ್ಟರ್ ಸ್ಪ್ಯಾನರ್ ತಂದೆ. ಇಂಜಿನ್ ಆಯಿಲ್ ಸೋಸುವ ಡಬ್ಬಿಯನ್ನು (ಅದೇ ಫಿಲ್ಟರ್) ತಿರುಗಿಸಿ ಬಿಚ್ಚುವ ಸಾಧನ ಅದು. ಅದರಿಂದ ಈಗಾಗಲೇ ಮೂರು ಸಲ ಆಯಿಲ್ ಬದಲಿಸಿ ಆಯಿತು. ಮನೆಯಲ್ಲೇ ಆಯಿಲ್ ಚೇಂಜ್ ಮಾಡಬೇಕು ಅಂತ ಇರುವವರಿಗೆ ನನ್ನ ಮಾತು ಇಷ್ಟೇ. ಬೇರೆ ಯಾವುದರಲ್ಲಿ ಬೇಕಾದರೂ ದುಡ್ಡು ಉಳಿಸಿ, ಇದರಲ್ಲಿ ಬೇಡ.

ನನ್ನದು 2018ರ ಬೊಲೆರೊ ಪಿಕಪ್, ಹೊಗೆ ನಿಯಮದಲ್ಲಿ ಬಿಎಸ್4 ಹಂತದ್ದು. ಮಲ್ಪೆ ಬಂದರಿನಿಂದ ಮೀನು ಹೊರುವ ಗಾಡಿ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಆಗ ನಮ್ಮ ಗಾಡಿಗಳಿಗೂ ಅರ್ಧ ರಜೆ. ವರ್ಷದ ಬಾಕಿ ಕೆಲಸ ಎಲ್ಲ ಆಗಲೇ ಮಾಡಿ ಮುಗಿಸುವುದು. ಮೀನಿನ ಗಾಡಿಯ ಅಡಿಭಾಗ ಬೇರೆ ಗಾಡಿಗಳ ಹಾಗೆ ಇರುವುದಿಲ್ಲ. ಐಸ್ ಕರಗಿದ ಉಪ್ಪುನೀರು ದಿನಾ ತೊಟ್ಟಿಕ್ಕಿ ತೊಟ್ಟಿಕ್ಕಿ ಬೋಲ್ಟು, ಕ್ಲಾಂಪು, ಫಿಲ್ಟರಿನ ಡಬ್ಬಿ ಎಲ್ಲದಕ್ಕೂ ತುಕ್ಕು ಹಿಡಿಸುತ್ತದೆ. ನಾನು ಮುಂದೆ ಹೇಳುವುದನ್ನೆಲ್ಲ ಈ ತುಕ್ಕನ್ನು ನೆನಪಲ್ಲಿ ಇಟ್ಟುಕೊಂಡೇ ಓದಿ.

ಗ್ಯಾರೇಜ್ ಬಿಟ್ಟು ಮನೆಯಲ್ಲಿ ಯಾಕೆ ಶುರು ಮಾಡಿದೆ ಅಂದರೆ, ಒಂದು ಸಲ ಹೊಸ ಫಿಲ್ಟರ್ ಹಾಕಿಸಿದಾಗ ಅದರ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ತಾರೀಕು ಬರೆದಿದ್ದೆ. ಮುಂದಿನ ಸರ್ವೀಸಿಗೆ ಬೇರೆ ಗ್ಯಾರೇಜಿಗೆ ಕೊಟ್ಟೆ. ಯಾವುದು ಅಂತ ಹೇಳುವುದಿಲ್ಲ. ಬಿಲ್ಲಿನಲ್ಲಿ ಆಯಿಲ್, ಫಿಲ್ಟರ್, ವಾಷರ್, ಲೇಬರ್ ಎಲ್ಲ ಇತ್ತು. ಮನೆಗೆ ಬಂದು ಟಾರ್ಚ್ ಹಿಡಿದು ಅಡಿಗೆ ಬಗ್ಗಿ ನೋಡಿದರೆ ನನ್ನದೇ ಕೈಬರಹ! ಹಳೇ ಫಿಲ್ಟರನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ ಹೊಳೆಯುವ ಹಾಗೆ ಮಾಡಿದ್ದರು, ತಾರೀಕಿನ ಅರ್ಧ ಮಾತ್ರ ಹೋಗಿತ್ತು. ಸಾಲದ್ದಕ್ಕೆ ಹಳೇ ಆಯಿಲ್ ಇಳಿಸಲು ಬಿಚ್ಚುವ ಅಡಿಯ ಬೋಲ್ಟನ್ನು, ಅಂದರೆ ಡ್ರೈನ್ ಪ್ಲಗ್ಗನ್ನು, ಉದ್ದ ಪೈಪು ಹಾಕಿ ತಿರುಗಿಸಿದ್ದಿರಬೇಕು, ಅದರ ಮೂಲೆಗಳು ಸವೆದು ದುಂಡಗಾಗಿದ್ದವು. ಆ ದಿನವೇ ತೀರ್ಮಾನ ಮಾಡಿದೆ. ನನ್ನ ಹೊಟ್ಟೆ ತುಂಬಿಸುವ ಇಂಜಿನ್ನಿಗೆ ಎಂತ ಹೋಗುತ್ತದೆ ಅಂತ ನನ್ನ ಕಣ್ಣಿಗೆ ಕಾಣಬೇಕು.

ಈಗ ಸ್ಪ್ಯಾನರಿನ ವಿಷಯ. ಮೊದಲು ನಾನು ತಂದದ್ದು ಬೆಲ್ಟಿನದು, 150 ರೂಪಾಯಿ. ಒಣಗಿದ, ಸ್ವಚ್ಛವಾದ ಫಿಲ್ಟರಿಗೆ ಅದು ಸಾಕು. ಆದರೆ ಫಿಲ್ಟರ್ ಒಂದು ಎಳೆ ಸಡಿಲವಾದ ಕೂಡಲೇ ಆಯಿಲ್ ಇಳಿದು ಬೆಲ್ಟು ಜಾರುತ್ತದೆ. ಒರೆಸುವುದು, ತಿರುಗಿಸುವುದು, ಮತ್ತೆ ಒರೆಸುವುದು, ಮುಕ್ಕಾಲು ಗಂಟೆ ಹೋಯಿತು. ಚೈನಿನದು ಗಟ್ಟಿ ಹಿಡಿಯುತ್ತದೆ, ಆದರೆ ಹಿಡಿ ಆಡಿಸಲು ಜಾಗ ಬೇಕು, ಇಂಜಿನ್ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಬಟ್ಟಲಿನ ಹಾಗೆ ಇರುವುದು ತುಂಬ ಚೆನ್ನ. ತಲೆಯ ಮೇಲೆ ಟೋಪಿ ಕೂತ ಹಾಗೆ ಕೂರುತ್ತದೆ. ಆದರೆ ಒಂದೊಂದು ಕಂಪನಿಯ ಫಿಲ್ಟರಿಗೆ ಒಂದೊಂದು ಅಳತೆ, ಒಂದೊಂದು ಲೆಕ್ಕದ ಗೀರು. ನಾನು ಫಿಲ್ಟರಿನ ಕಂಪನಿ ಬದಲಿಸಿದ ದಿನ ಆ ಬಟ್ಟಲು ಮೂಲೆ ಸೇರಿತು. ಇನ್ನು ಸ್ಕ್ರೂಡ್ರೈವರನ್ನು ಫಿಲ್ಟರಿನ ಹೊಟ್ಟೆಗೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಹಳೇ ಉಪಾಯ ಎಲ್ಲರಿಗೂ ಗೊತ್ತು. ಉಪ್ಪು ತಿಂದ ಡಬ್ಬಿಯಲ್ಲಿ ಅದನ್ನು ಮಾಡಲೇಬೇಡಿ. ತಗಡು ಕಾಗದದ ಹಾಗೆ ಹರಿಯುತ್ತದೆ, ಬುಡದ ಬಿಲ್ಲೆ ಇಂಜಿನ್ನಿಗೆ ಅಂಟಿಕೊಂಡು ಹಾಗೇ ಉಳಿಯುತ್ತದೆ. ಆಮೇಲೆ ಅದನ್ನು ಉಳಿಯಿಂದ ಕುಟ್ಟಿ ತೆಗೆಯುವಾಗ ಫಿಲ್ಟರಿನ ರಬ್ಬರ್ ರಿಂಗ್ ಕೂರುವ ಮುಖಕ್ಕೆ ಗಾಯ ಆದರೆ, ಅದು ಫಿಲ್ಟರಿನ ಬೆಲೆಯಲ್ಲಿ ಮುಗಿಯುವ ಖರ್ಚಲ್ಲ.

ಮೂರು ಕಾಲಿನದರ ಒಳಗೆ ಸಣ್ಣ ಗೇರುಗಳಿವೆ. ನಡುವಿನ ಚೌಕ ತೂತಿಗೆ ರಾಚೆಟ್ (ಒಂದೇ ಕಡೆಗೆ ಹಿಡಿದು ತಿರುಗಿಸುವ ಹಿಡಿ) ಹಾಕಿ ತಿರುಗಿಸಿದರೆ ಮೂರೂ ಕಾಲು ಒಟ್ಟಿಗೆ ಒಳಗೆ ಬಂದು ಡಬ್ಬಿಯನ್ನು ಹಿಡಿಯುತ್ತವೆ. ನೀವು ಜೋರು ಮಾಡಿದಷ್ಟೂ ಹಿಡಿತ ಬಿಗಿ. ಏಡಿ ಬೆರಳು ಹಿಡಿದ ಹಾಗೆ, ಬಿಡುವುದೇ ಇಲ್ಲ. ಎಣ್ಣೆ ಇಳಿಯುತ್ತಿದ್ದರೂ ಜಾರುವುದಿಲ್ಲ. ತುಕ್ಕು ಹಿಡಿದ ಆ ಫಿಲ್ಟರ್ ಮೊದಲ ಸಲವೇ ಕಟ್ ಅಂತ ಒಂದು ಶಬ್ದ ಮಾಡಿ ಬಿಟ್ಟುಕೊಟ್ಟಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕೊರತೆಗಳೂ ಇವೆ. ಗೇರಿನಲ್ಲಿ ಸ್ವಲ್ಪ ಸಡಿಲ ಇದೆ, ಮೊದಲ ಕಾಲುಭಾಗ ಸುತ್ತು ಸುಮ್ನೆ ತಿರುಗುತ್ತದೆ. ಕಾಲುಗಳ ಪಿನ್ನಿಗೆ ನಮ್ಮ ಕರಾವಳಿಯ ಗಾಳಿ ಆಗುವುದಿಲ್ಲ, ಎರಡು ತಿಂಗಳು ಹಾಗೇ ಇಟ್ಟಿದ್ದಕ್ಕೆ ಕೆಂಪಗಾಗಿತ್ತು. ಈಗ ಕೆಲಸ ಆದ ಮೇಲೆ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ. ಕಾಲುಗಳು ಡಬ್ಬಿಯನ್ನು ಒತ್ತಿ ತಗ್ಗು ಮಾಡುತ್ತವೆ. ಹಾಗಾಗಿ ಬಿಚ್ಚಲು ಮಾತ್ರ, ಹೊಸದನ್ನು ಬಿಗಿ ಮಾಡಲು ಬಳಸಬೇಡಿ. ಸುತ್ತ ಬೆರಳು ಹೋಗದಷ್ಟು ಇಕ್ಕಟ್ಟಿನಲ್ಲಿ ಫಿಲ್ಟರ್ ಇರುವ ಗಾಡಿಗೂ ಇದು ಆಗಲಿಕ್ಕಿಲ್ಲ. ಜೊತೆಗೆ ರಾಚೆಟ್ ಮತ್ತು ಅದಕ್ಕೆ ಸೇರಿಸುವ ಉದ್ದ ಸರಳು, ಅಂದರೆ ಒಂದು ಎಕ್ಸ್‌ಟೆನ್ಷನ್ ಬೇಕೇ ಬೇಕು.

ಸ್ಪ್ಯಾನರ್ ಬಿಟ್ಟರೆ ನನಗೆ ಎರಡನೇ ಮುಖ್ಯ ವಸ್ತು ತಾಮ್ರದ ವಾಷರ್. ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಡ್ರೈನ್ ಪ್ಲಗ್ ಬಿಗಿ ಮಾಡುವಾಗ ತಾಮ್ರ ಚಪ್ಪಟೆಯಾಗಿ ಸಂದಿ ಮುಚ್ಚುತ್ತದೆ. ಒಮ್ಮೆ ಚಪ್ಪಟೆಯಾದದ್ದು ಆಮೇಲೆ ಗಟ್ಟಿಯಾಗಿರುತ್ತದೆ, ಸರಿ ಕೂರುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿತು ಅಂತ ಇನ್ನೂ ಬಿಗಿ ಮಾಡುತ್ತೇವೆ, ಪ್ಲಗ್ಗಿನ ಮೂಲೆ ಸವೆಯುವುದು, ಚೇಂಬರಿನ (ಇಂಜಿನ್ ಅಡಿಯ ಆಯಿಲ್ ತೊಟ್ಟಿಯ) ಎಳೆ ಕೀಳುವುದು ಎಲ್ಲ ಅಲ್ಲಿಂದಲೇ. ಸಿಗದಿದ್ದರೆ ಹಳೇ ವಾಷರನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮತ್ತೆ ಮೆದುವಾಗುತ್ತದೆ. ಆದರೆ ಹೊಸದೇ ತನ್ನಿ. ಪ್ಲಗ್ಗಿಗೆ ಆರು ಮೂಲೆಯ ಸಾಕೆಟ್ಟೇ ಹಾಕಿ. ಹನ್ನೆರಡು ಮೂಲೆಯದ್ದು ತುಕ್ಕು ಹಿಡಿದ ತಲೆಯ ಮೇಲೆ ಜಾರುತ್ತದೆ.

ಆಯಿಲ್ ವಿಷಯದಲ್ಲಿ ಜನ ಕಂಪನಿ ಹೆಸರಿಗೆ ಜಗಳ ಆಡುತ್ತಾರೆ. ಡಬ್ಬದ ಮೇಲಿನ ಅಂಕಿ ಅಕ್ಷರ ನೋಡುವುದು ಅದಕ್ಕಿಂತ ಮುಖ್ಯ. ನಾನು ಹಾಕುವುದು 15ಡಬ್ಲ್ಯು-40, ಎಪಿಐ ಸಿಐ-4 ಪ್ಲಸ್ (ಇದು ಡೀಸೆಲ್ ಇಂಜಿನ್ ಆಯಿಲಿನ ಗುಣಮಟ್ಟದ ದರ್ಜೆ). ಡಬ್ಲ್ಯು ಅಂದರೆ ವಿಂಟರ್, ಅದಕ್ಕಿಂತ ಮೊದಲು ಬರುವ 15 ಚಳಿಯಲ್ಲಿ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದಕ್ಕೆ, 40 ಬಿಸಿ ಇಂಜಿನ್ನಿನಲ್ಲಿ ಎಷ್ಟು ದಪ್ಪ ಇರುತ್ತದೆ ಅನ್ನುವುದಕ್ಕೆ. ನಮ್ಮ ಕಡೆ ಚಳಿ ಅಂದರೆ ಎಷ್ಟು ಮಹಾ ಚಳಿ? ಹಾಗಾಗಿ ನಮಗೆ 15 ಧಾರಾಳ ಸಾಕು. ಸರ್ವೋ, ಮ್ಯಾಕ್, ಕ್ಯಾಸ್ಟ್ರಾಲ್ ಯಾವುದಾದರೂ ಸರಿ, ಮ್ಯಾನುಯಲ್ ಹೇಳಿದ ಗ್ರೇಡ್ ಇರಬೇಕು. ಆದರೆ 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿ ಇರುವವರು ನನ್ನದನ್ನು ನೋಡಿ ಅದೇ ಆಯಿಲ್ ಹಾಕಬೇಡಿ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುವ ಗಾಡಿಗೆ ಬೂದಿ ಕಮ್ಮಿ ಬಿಡುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಆ ಫಿಲ್ಟರ್ ಕಟ್ಟುತ್ತದೆ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ವಾರಂಟಿ ಇರುವವರು ಕಂಪನಿಯ ಸರ್ವೀಸನ್ನೇ ಮಾಡಿಸಿ.

ಕೆಲಸ ಹೇಗೆ ಮಾಡುತ್ತೇನೆ ಅಂದರೆ, ಹಿಂದಿನ ರಾತ್ರಿಯೇ ಡ್ರೈನ್ ಪ್ಲಗ್ಗಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡುತ್ತೇನೆ. ಬೆಳಿಗ್ಗೆ ಸಂತೆಕಟ್ಟೆಯವರೆಗೆ ಒಂದು ಸುತ್ತು ಹೋಗಿ ಬಂದರೆ ಇಂಜಿನ್ ಹದಕ್ಕೆ ಬಿಸಿಯಾಗುತ್ತದೆ. ಬಿಸಿ ಆಯಿಲ್ ತೆಳ್ಳಗಾಗಿ ಕೊಳೆಯನ್ನೂ ಹೊತ್ತು ಇಳಿಯುತ್ತದೆ. ತುಂಬ ಬಿಸಿ ಇರುವಾಗ ಕೈ ಹಾಕಬೇಡಿ, ಹತ್ತು ನಿಮಿಷ ಬಿಡಿ. ಅಂಗಳ ಸಮ ಇರಬೇಕು. ಹ್ಯಾಂಡ್‌ಬ್ರೇಕ್, ಗೇರ್, ಆಮೇಲೆ ಹಿಂದಿನ ಎರಡು ಚಕ್ರಕ್ಕೂ ಮುಂದೆ ಹಿಂದೆ ಮುರಕಲ್ಲು (ಜಂಬಿಟ್ಟಿಗೆ). ಪಿಕಪ್ ಎತ್ತರ ಇರುವುದರಿಂದ ಜ್ಯಾಕ್ ಬೇಡ, ಹಾಗೇ ಚಾಪೆ ಹಾಸಿ ಮಲಗಿ ಹೋಗಬಹುದು. ಇಲ್ಲೊಂದು ಮಾತು, ಕೈ ಮುಗಿದು ಹೇಳುತ್ತೇನೆ. ಚಕ್ರ ತಡೆಯಲು ಮುರಕಲ್ಲು ಸರಿ, ಗಾಡಿಯನ್ನು ಎತ್ತಿ ಮುರಕಲ್ಲಿನ ಮೇಲೆ ಕೂರಿಸಿ ಅಡಿಗೆ ಹೋಗಬೇಡಿ ಮಾರಾಯ್ರೆ. ಮಳೆಗೆ ನೆನೆದ ಮುರಕಲ್ಲು ಭಾರ ಬಿದ್ದರೆ ಪುಡಿಯಾಗುತ್ತದೆ. ಎತ್ತಲೇಬೇಕು ಅಂತಿದ್ದರೆ ಜ್ಯಾಕ್ ಸ್ಟ್ಯಾಂಡ್ ಇಡಿ.

ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿಡಿ, ಆಗ ಸರಾಗ ಇಳಿಯುತ್ತದೆ. ಪ್ಲಗ್ಗಿನ ಕೊನೆಯ ಎಳೆಗಳನ್ನು ಬೆರಳಲ್ಲಿ ಒಳಗೆ ಒತ್ತಿ ಹಿಡಿದೇ ತಿರುಗಿಸಿ, ತಟ್ಟನೆ ಪಕ್ಕಕ್ಕೆ ಎಳೆಯಿರಿ. ಮೊದಲು ಧಾರೆ ದೂರಕ್ಕೆ ಹಾರುತ್ತದೆ, ಆಮೇಲೆ ನೇರ ಕೆಳಗೆ ಬೀಳುತ್ತದೆ. ಅದಕ್ಕೆ ಅಗಲ ಬಾಯಿಯ ಟಬ್ ಬೇಕು. ನಾನು ಹಳೇ ಎಣ್ಣೆ ಕ್ಯಾನನ್ನು ಉದ್ದಕ್ಕೆ ಕೊಯ್ದು ಮಾಡಿಕೊಂಡಿದ್ದೇನೆ, ಅಂಗಡಿಯ 700 ರೂಪಾಯಿಯ ಡ್ರೈನ್ ಪ್ಯಾನ್ ನನಗೆ ಬೇಕು ಅನಿಸಲಿಲ್ಲ. ಅರ್ಧ ಗಂಟೆ ಬಿಡಿ. ಪ್ಲಗ್ಗನ್ನು ಒರೆಸಿ ನೋಡಿ, ಬೆರಳಿಗೆ ಚುಚ್ಚುವಂಥ ಲೋಹದ ಚೂರು ಸಿಕ್ಕಿದರೆ ಗಾಡಿಯನ್ನು ಒಳ್ಳೆ ಮೆಕ್ಯಾನಿಕ್‌ಗೆ ತೋರಿಸಿ.

ಹಳೇ ಫಿಲ್ಟರ್ ತೆಗೆದ ಮೇಲೆ ಅದರ ರಬ್ಬರ್ ರಿಂಗ್ ಅದರಲ್ಲೇ ಬಂದಿದೆಯಾ ಅಂತ ನೋಡಲೇಬೇಕು. ನನ್ನ ಎರಡನೇ ಸಲದ ಕೆಲಸದಲ್ಲಿ ರಿಂಗ್ ಇಂಜಿನ್ನಿಗೇ ಅಂಟಿ ಉಳಿದಿತ್ತು. ಬಣ್ಣವೂ ಕಪ್ಪು, ಸುತ್ತಲೂ ಕಪ್ಪು, ಕಣ್ಣಿಗೆ ಕಾಣಲಿಲ್ಲ. ಬಟ್ಟೆಯಲ್ಲಿ ಒರೆಸುವಾಗ ಬೆರಳಿಗೆ ಒಂದು ಅಂಚು ತಾಗಿದ್ದರಿಂದ ಗೊತ್ತಾಯಿತು. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದ್ದರೆ ಸ್ಟಾರ್ಟ್ ಮಾಡಿದ ಕೂಡಲೇ ಪ್ರೆಶರಿಗೆ ಹೊಸ ಆಯಿಲ್ ಎಲ್ಲ ಅಂಗಳದಲ್ಲಿ ಇರುತ್ತಿತ್ತು.

ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲನ್ನೇ ಬೆರಳಲ್ಲಿ ಸವರಿ. ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇರುವ ಗಾಡಿಗೆ ಫಿಲ್ಟರಿನ ಒಳಗೂ ಸ್ವಲ್ಪ ಆಯಿಲ್ ಹೊಯ್ದು ಹಾಕುವುದು ಒಳ್ಳೆಯದು, ಟರ್ಬೊದ ಬೇರಿಂಗಿಗೆ ಬೇಗ ಎಣ್ಣೆ ಮುಟ್ಟುತ್ತದೆ. ಹೊಯ್ಯುವಾಗ ಸುತ್ತಲಿನ ಸಣ್ಣ ತೂತುಗಳಿಂದ ಹೊಯ್ಯಿರಿ, ನಡುವಿನ ದೊಡ್ಡ ತೂತಿಗೆ ಬೇಡ. ನಡುವಿನದ್ದು ಸೋಸಿದ ಎಣ್ಣೆ ಇಂಜಿನ್ನಿಗೆ ಹೋಗುವ ದಾರಿ. ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಅಷ್ಟೇ. ಫಿಲ್ಟರಿನ ಮೇಲೆ ಅಚ್ಚಾದ ಲೆಕ್ಕ ಬೇರೆ ಇದ್ದರೆ ಅದನ್ನು ಪಾಲಿಸಿ.

ಮ್ಯಾನುಯಲ್ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಮ್ಮಿ ಹೊಯ್ದು ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಒತ್ತಬೇಡಿ, ಆಯಿಲ್ ಲೈಟ್ ಆರುವವರೆಗೆ ಕಾಲು ದೂರ ಇರಲಿ. ಎರಡು ನಿಮಿಷದ ನಂತರ ಆಫ್ ಮಾಡಿ, ಅಡಿಯಲ್ಲಿ ತೊಟ್ಟಿಕ್ಕುತ್ತಿದೆಯಾ ನೋಡಿ, ಹತ್ತು ನಿಮಿಷ ಬಿಟ್ಟು ಆಯಿಲಿನ ಮಟ್ಟ ಅಳೆಯುವ ಡಿಪ್‌ಸ್ಟಿಕ್ ನೋಡಿ, ಬೇಕಾದಷ್ಟು ಸೇರಿಸಿ. ಮೇಲಿನ ಗೆರೆ ದಾಟಿಸಬೇಡಿ. ಜಾಸ್ತಿಯಾದರೆ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಬೇರಿಂಗಿಗೆ ರಕ್ಷಣೆ ಇಲ್ಲ. ಎರಡು ದಿನಕ್ಕೇ ಹೊಸ ಆಯಿಲ್ ಕಪ್ಪಾಯಿತು ಅಂತ ಗಾಬರಿ ಬೇಡ. ಡೀಸೆಲಿನ ಮಸಿಯನ್ನು ಕೂರಲು ಬಿಡದೆ ತನ್ನಲ್ಲೇ ತೇಲಿಸಿ ಇಟ್ಟುಕೊಳ್ಳುವುದು ಆಯಿಲಿನ ಕೆಲಸ. ಕಪ್ಪಾಗಿದೆ ಅಂದರೆ ಅದು ಕೆಲಸ ಮಾಡುತ್ತಿದೆ.

ಹಳೇ ಆಯಿಲ್ ಬಗ್ಗೆ ನಮ್ಮ ಊರಿನಲ್ಲಿ ಉದಾಸೀನ ಜಾಸ್ತಿ. ತೋಡಿಗೆ ಬಿಡುತ್ತಾರೆ, ಇಲ್ಲದಿದ್ದರೆ ತೆಂಗಿನ ಬುಡದ ಆಚೆ ಚೆಲ್ಲುತ್ತಾರೆ. ನಮ್ಮ ಮುರಕಲ್ಲಿನ ನೆಲ ತೂತು ತೂತು, ಮೇಲೆ ಬಿದ್ದದ್ದು ಒಳಗೆ ಇಳಿಯುತ್ತದೆ. ಇಪ್ಪತ್ತು ಹೆಜ್ಜೆ ಆಚೆ ಕುಡಿಯುವ ಬಾವಿ ಇರುತ್ತದೆ. ಆ ಬಾವಿಯ ನೀರನ್ನೇ ಮಕ್ಕಳು ಕುಡಿಯುವುದು ಅಲ್ವಾ? ಹಳೇ ಆಯಿಲ್ ಕಾನೂನಿನಲ್ಲೂ ಅಪಾಯಕಾರಿ ತ್ಯಾಜ್ಯವೇ, 2016ರ ನಿಯಮಗಳಲ್ಲಿ ಅದು ಇದೆ. ನಾನು ಖಾಲಿಯಾದ ಅದೇ ಡಬ್ಬಕ್ಕೆ ತುಂಬಿಸಿ, ಬ್ಯಾರಲ್ಲಿನಲ್ಲಿ ಕೂಡಿಸಿ ಮರುಬಳಕೆಯವರಿಗೆ ಕೊಡುವ ಒಂದು ದೊಡ್ಡ ವರ್ಕ್‌ಶಾಪಿಗೆ ತಲುಪಿಸುತ್ತೇನೆ. ಫಿಲ್ಟರನ್ನು ಕವುಚಿ ಒಂದು ರಾತ್ರಿ ಇಟ್ಟರೆ ಅದರಲ್ಲಿ ಉಳಿದ ಆಯಿಲೂ ಇಳಿಯುತ್ತದೆ. ಉಳಿದ ಖಾಲಿ ಡಬ್ಬಗಳನ್ನು ಗುಜರಿಗೆ ಹಾಕುವ ಮೊದಲು ಕತ್ತಿಯಲ್ಲಿ ಒಂದು ಗೀರು ಕೊಡಿ. ಇಡೀ ಡಬ್ಬ ಸಿಕ್ಕಿದರೆ ನಕಲಿ ಆಯಿಲ್ ತುಂಬಿಸುವವರಿಗೆ ಅನುಕೂಲ.

ಸ್ಪ್ಯಾನರ್ ಕೊಳ್ಳಲು ಹೋಗುವಾಗ ನಿಮ್ಮ ಗಾಡಿಯ ಹಳೇ ಫಿಲ್ಟರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೊತೆಗೆ ತೆಗೆದುಕೊಂಡು ಹೋಗಿ. ಅಂಗಡಿಯಲ್ಲೇ ಕಾಲು ಅಗಲಿಸಿ ಅದರ ಮೇಲೆ ಕೂರಿಸಿ ನೋಡಿ, ಮೂರೂ ಕಾಲು ಒಂದೇ ಸಲ ತಾಗಬೇಕು. ಎಡಕ್ಕೂ ಬಲಕ್ಕೂ ತಿರುಗಿಸಿ, ಗೇರ್ ಎಲ್ಲೂ ಹಾರಬಾರದು. ಕಾಲಿನ ತುದಿಯಲ್ಲಿ ಹಲ್ಲಿನ ಹಾಗೆ ಗೀರು ಇರುವುದನ್ನೇ ಆರಿಸಿ. ನಯವಾಗಿರುವುದು ನೋಡಲು ಚಂದ, ಆದರೆ ಎಣ್ಣೆ ತಾಗಿದರೆ ಅದೂ ಬೆಲ್ಟಿನ ಹಾಗೆಯೇ ಜಾರುತ್ತದೆ.